ಹೂಂ ಅಂದವರು

ಸಾವಿನ ಮನೆಯಲ್ಲಿ ಹಾಡಿ ಅಳುವ ಹೆಂಗಸರು ನಮ್ಮ ಕಡೆ ಹಿಂದಿನಿಂದಲೂ ಇದ್ದರು. ಹೆಣದ ತಲೆಯ ಹತ್ತಿರ ಕೂತು, ಸತ್ತವರನ್ನು ಕರೆದು ಕರೆದು, ಅವರು ಉಂಡದ್ದು ಉಟ್ಟದ್ದು, ದುಡಿದದ್ದು, ಬಾಯಿಬಿಟ್ಟು ಹೇಳದೆ ನುಂಗಿಕೊಂಡದ್ದು ಎಲ್ಲವನ್ನೂ ರಾಗದಲ್ಲಿ ಹೇಳುತ್ತ ಅಳುತ್ತಿದ್ದರು. ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ, ಅಂದರೆ ಎರಡು ಸಾವಿರದ ಎಂಟರ ಆಸುಪಾಸಿನಲ್ಲಿ, ಅಂಥವರು ಅಪರೂಪವಾಗುತ್ತ ಬಂದಿದ್ದರು. ಹೆಣದ ಮುಂದೆ ಟೇಪ್ ಹಚ್ಚಿ ಭಜನೆ ಹಾಕುವುದು ರೂಢಿಯಾಗಿತ್ತು. ಯಾರಾದರೂ ದನಿ ತೆಗೆದು ಅತ್ತರೆ ಓದಿದ ಮಕ್ಕಳು "ಸುಮ್ನಿರವ್ವ, ಮಂದಿ ನೋಡ್ತಾರ" ಎನ್ನುತ್ತಿದ್ದರು.

ಉಜ್ಜಿನಿಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ನನ್ನ ಗಂಡನ ಸೋದರತ್ತೆ ತೀರಿಕೊಂಡಾಗ ನಾನು ಆ ಅಜ್ಜಿಯನ್ನು ಮೊದಲ ಸಲ ಕಂಡೆ. ಸೋದರತ್ತೆ ನನಗೆ ಬಳಕೆಯವರಲ್ಲ, ಮದುವೆಯಲ್ಲಿ ನೋಡಿದ್ದೇ ಕೊನೆ. ಅಜ್ಜಿ ಅದೇ ಊರಿನವಳು, ಕೂಲಿನಾಲಿ ಮಾಡಿ ಬದುಕಿದವಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಳಗೆ ಬಂದವಳೇ ಯಾರನ್ನೂ ಮಾತಾಡಿಸದೆ ಹೆಣದ ಪಕ್ಕ ಕೂತಳು. ಸೆರಗಿನ ತುದಿಯಿಂದ ಸತ್ತವರ ಹಣೆ ಒರೆಸಿದಳು. ಆಮೇಲೆ ದನಿ ತೆಗೆದಳು.

ಆ ದನಿಯನ್ನು ಹೇಗೆ ಹೇಳಲಿ? ದೊಡ್ಡದೇನಲ್ಲ. ಎದುರಿಗೆ ಕೂತವರ ಹತ್ತಿರ ಏನೋ ವಿಚಾರಿಸುವ ಹಾಗಿತ್ತು. "ಯಾಕ ಎದ್ದು ಹೊಂಟ್ಯವ್ವಾ, ಹಾಲು ಇನ್ನಾ ಒಲಿಮ್ಯಾಲ ಐತಲ್ಲ" ಎಂದು ಕೇಳುವಳು. ಕೇಳಿ, ಸುಮ್ಮನಾಗುವಳು. ಸುಮ್ಮನಾದಾಗ ತಲೆಯನ್ನು ಒಂದಿಷ್ಟು ವಾರೆ ಮಾಡಿ ಹೆಣದ ಕಡೆಗೆ ಕಿವಿ ಕೊಡುವಳು. ಮತ್ತೆ ಮುಂದಿನ ಸಾಲು. ಮನೆಯವರನ್ನು ಕೇಳಿ, ಅವಳನ್ನೂ ಕೇಳಿ, ನನ್ನ ಹತ್ತಿರವಿದ್ದ ಪುಟ್ಟ ರೆಕಾರ್ಡರಿನಲ್ಲಿ ಅದನ್ನು ಹಿಡಿದುಕೊಂಡೆ.

ಊರಿಗೆ ಬಂದ ಮೇಲೂ ಆ ಅಳು ನನ್ನನ್ನು ಬಿಡಲಿಲ್ಲ. ಇಂಥ ಅಳುಗಳನ್ನು ಕೂಡಿಸಿ ಒಂದು ಸಿ.ಡಿ. ಮಾಡಬೇಕು, ಜೊತೆಗೊಂದು ಸಣ್ಣ ಪುಸ್ತಕ ಮಾಡಬೇಕು ಅನ್ನಿಸಿತು. ಅದಕ್ಕೆ ಒಳ್ಳೆ ರೆಕಾರ್ಡರ್ ಬೇಕು, ಊರೂರು ಅಲೆಯಬೇಕು, ಅಚ್ಚು ಹಾಕಿಸಬೇಕು. ದುಡ್ಡಿಗಾಗಿ ಕೇಳಿದ ಕಡೆಯೆಲ್ಲ ಇಲ್ಲ ಎನ್ನಿಸಿಕೊಂಡೆ. ಒಬ್ಬ ಹಿರಿಯರಂತೂ "ಬೀಸೋ ಪದ, ಸುಗ್ಗಿ ಪದ ಇದ್ರ ತಗೊಂಬರ್ರಿ. ಸಾವಿನ ಅಳು ಯಾರವ್ವ ಮನ್ಯಾಗ ಇಟ್ಕಂತಾರ?" ಎಂದು ಕೈ ಮುಗಿದರು. ಮನೆಯಲ್ಲಿ ನನ್ನ ಗಂಡ ಬೇಡ ಅನ್ನಲಿಲ್ಲ. ಆ ರೆಕಾರ್ಡರನ್ನು ಮಲಗುವ ಕೋಣೆಯಲ್ಲಿ ಇಡಬೇಡ ಎಂದರು, ಅಷ್ಟೆ.

ದಾರಿ ತೋರಿಸಿದವನು ಸೈಬರ್ ಸೆಂಟರಿನವನು. ಮೊದಲು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದವನು, ಮೊಬೈಲು ಬಂದ ಮೇಲೆ ಅದೇ ಜಾಗದಲ್ಲಿ ಪ್ಲೈವುಡ್ ಗೂಡುಗಳನ್ನು ಮಾಡಿ ಕಂಪ್ಯೂಟರ್ ಇಟ್ಟಿದ್ದ. ಮೂವತ್ತು ದಾಟಿದ ವಯಸ್ಸು, ಮಾತು ಬಹಳ. ನನ್ನ ಗೋಳು ಕೇಳಿ ಅಂದ:

"ಗಣಪತಿಗೆ ಪಟ್ಟಿ ಎತ್ತೋದಿಲ್ಲೇನ್ರಿ ಮೇಡಂ, ಹಂಗ ಇಂಟರ್ನೆಟ್ನ್ಯಾಗ ಪಟ್ಟಿ ಎತ್ತೋಣ್ರಿ. ನಮ್ಮ ಓಣ್ಯಾಗ ಹತ್ತು ಮನಿ, ಅಲ್ಲಿ ಲಕ್ಷ ಮನಿ."

"ಅಳೋದಕ್ಕ ಯಾರು ಕೊಡ್ತಾರೋ ತಮ್ಮ?"

"ಕೊಡೋರು ಕೊಡ್ತಾರ ಬಿಡ್ರಿ. ಕೇಳಾಕೇನು?"

ಅವನೇ ಒಂದು ಬ್ಲಾಗ್ ಮಾಡಿಕೊಟ್ಟ. ನಾನು ಏನು ಮಾಡಲು ಹೊರಟಿದ್ದೇನೆ ಎಂಬುದನ್ನು ಕನ್ನಡದಲ್ಲಿ ಬರೆದೆ. ಕೆಳಗೆ ಬ್ಯಾಂಕಿನ ವಿವರ ಹಾಕಿದೆವು, ಅದರ ಕೆಳಗೆ ಅಜ್ಜಿಯ ಅಳುವಿನ ಒಂದು ತುಣುಕು. ಆ ತುಣುಕು ಮೇಲೇರಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕರೆಂಟು ಹೋಗುವುದು, ಯುಪಿಎಸ್ ಕಿರುಗುಟ್ಟುವುದು, ಮತ್ತೆ ಮೊದಲಿನಿಂದ ಶುರು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಹಡಗಲಿಯ ಹುಡುಗಿ ಮೊದಲು ಬರೆದಳು. ಅವಳು ತನ್ನ ಗೆಳತಿಯರಿಗೆಲ್ಲ ಕಳಿಸಿದಳು. ಗುಲ್ಬರ್ಗದ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು, ಹಗರಿಬೊಮ್ಮನಹಳ್ಳಿಯಿಂದ ಹುಬ್ಬಳ್ಳಿಗೆ ಹೋಗಿ ನೆಲೆಸಿದ್ದ ಲಾರಿ ಡ್ರೈವರ್, ಹರಪನಹಳ್ಳಿ ಕಡೆಯ ಅರಸೀಕೆರೆಯ ಒಬ್ಬ ಟೇಲರ್. ಹೀಗೆ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಕೈಲಾದಷ್ಟು ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ತಾವೇ ನಾಲ್ಕು ಕಡೆ ಬರೆದು "ಈಕಿ ಕೆಲಸ ನಿಲ್ಲಬಾರದು" ಎಂದು ಮಂದಿಯನ್ನು ಹಿಡಿದು ತಂದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರೇ ಹೆಚ್ಚು, ಓದಲು ತಡವರಿಸುತ್ತಿದ್ದೆ. ಕಾಲೇಜು ಬಿಟ್ಟ ಕೂಡಲೇ ಸೈಬರಿಗೆ ಹೋಗಿ ಯಾರು ಏನು ಬರೆದಿದ್ದಾರೆಂದು ನೋಡುವುದು ನನಗೆ ಚಟವಾಯಿತು.

ಆ ಪ್ರಶ್ನೆಯನ್ನು ಮೊದಲು ಕೇಳಿದವಳೂ ಆ ನರ್ಸೇ. "ಅಕ್ಕ, ಅಜ್ಜಿ ಅಳುವಾಗ ನಡುನಡುವೆ ಹೂಂ ಅಂತಾರಲ್ಲ, ಅವರು ಯಾರು? ಅವರ ಬಗ್ಗೆಯೂ ಬರೆಯಿರಿ."

ನನಗೆ ತಿಳಿಯಲಿಲ್ಲ. ಅಲ್ಲಿ ಯಾರೂ ಹೂಂ ಅಂದಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಅಜ್ಜಿ ಕೇಳುತ್ತಾಳೆ, ನಿಲ್ಲಿಸುತ್ತಾಳೆ. ನಿಲ್ಲಿಸಿದಲ್ಲಿ ಒಂದು ನೊಣ ಗುಂಯ್‌ಗುಟ್ಟುತ್ತದೆ, ದೂರದಲ್ಲಿ ಯಾರೋ ಕೊಡ ಇಳಿಸುತ್ತಾರೆ. ಅಷ್ಟೇ. ಹಾಗೇ ಬರೆದೆ. ಮರುದಿನ ಡ್ರೈವರ್ ಬರೆದಿದ್ದ: "ಇಲ್ರಿ ಅಕ್ಕೋರ, ಐತಿ. ಹೆಣ್ಮಗಳ ದನಿ. ನಮ್ಮವ್ವ ಅಡಿಗಿ ಮನ್ಯಾಗಿಂದ ಹೂಂನಪ್ಪಾ ಅಂತಿದ್ಲಲ್ಲ, ಹಂಗ ಐತಿ." ಮೇಷ್ಟ್ರು ಬರೆದರು, ತಮಗೆ ಕೇಳಿಸಿದ್ದು ತಮ್ಮ ಹೆಂಡತಿ ಹೂಂಗುಟ್ಟುತ್ತಿದ್ದ ರೀತಿ. ಆಕೆ ಹೋಗಿ ಎರಡು ವರ್ಷವಾಗಿತ್ತಂತೆ. ಟೇಲರಿಗೆ ಗಂಡು ದನಿ ಕೇಳಿಸಿತ್ತು. ಒಬ್ಬೊಬ್ಬರಿಗೆ ಒಂದೊಂದು ದನಿ, ಆದರೆ ಎಲ್ಲರೂ ಹೇಳುವ ಜಾಗ ಮಾತ್ರ ಒಂದೇ: ಅಜ್ಜಿ ಕೇಳಿ ಸುಮ್ಮನಾದ ಜಾಗ.

ಸದ್ದಿನ ಕೆಲಸ ಬಲ್ಲ ಒಬ್ಬರು ಆ ತುಣುಕನ್ನು ತಮ್ಮ ಯಂತ್ರದಲ್ಲಿ ಹಾಕಿ ನೋಡಿ, ಅಲ್ಲಿ ಯಾರ ದನಿಯೂ ಇಲ್ಲ, ಇದು ನಿಮ್ಮೆಲ್ಲರ ಭ್ರಮೆ ಎಂದು ಬರೆದರು. ಅದಕ್ಕೆ ನರ್ಸ್ ಒಂದೇ ಸಾಲು ಉತ್ತರಿಸಿದ್ದಳು: "ಇರಲಿ ಸರ್, ನಮಗೆ ಕೇಳಿಸ್ತದಲ್ಲ."

ನಾನು ಸೈಬರಿನವನನ್ನು ಕರೆದು ಇಯರ್‌ಫೋನ್ ಕೊಟ್ಟೆ. "ನೀನೊಮ್ಮೆ ಕೇಳಿ ಹೇಳಪ್ಪ." ಅಪ್‌ಲೋಡ್ ಮಾಡಿದ್ದು ಅವನೇ ಆದರೂ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ನಿಂತುಕೊಂಡೇ ಕೇಳತೊಡಗಿದ. ಮೊದಲ ವಿರಾಮಕ್ಕೆ ಅವನ ಕಣ್ಣು ನನ್ನ ಕಡೆ ತಿರುಗಿದವು. ಎರಡನೆಯದಕ್ಕೆ ಕುರ್ಚಿಯ ಬೆನ್ನು ಹಿಡಿದುಕೊಂಡ. ಇಯರ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತ. ನಾನೂ ಹೊರಗೆ ಹೋದೆ.

"ನಮ್ಮಕ್ಕ ರೀ ಮೇಡಂ" ಎಂದ. "ಸುಟ್ಕಂಡು ಸತ್ತಳಲ್ರಿ, ಆಕಿ. ನಿಮಗ ಕೇಳಂಗಿಲ್ಲೇನ್ರಿ?"

"ಇಲ್ಲೋ."

"ಹಂಗಾರ ಛಲೋ ಆತು ಬಿಡ್ರಿ" ಎಂದು ಒಳಗೆ ಹೋದ. ಅವನಿಗೊಬ್ಬ ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಆ ಭಾನುವಾರ ಉಜ್ಜಿನಿ ಬಸ್ ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಅಜ್ಜಿಯ ಹಳ್ಳಿಗೆ ಹೋದೆ. ಅವಳು ಬಾಗಿಲ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಗುರುತು ಹಿಡಿದು "ಬಾರವ್ವ, ಮಷಿನ್ ತಂದೀಯೇನು?" ಎಂದಳು. ನಾನು ಎಲ್ಲ ಹೇಳಿದೆ. ಇಂಟರ್ನೆಟ್ ಎಂದರೆ ಏನೆಂದು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ದೂರದೂರದ ಮಂದಿ ಅವರವರ ಊರಲ್ಲೇ ಕೂತು ನಿನ್ನ ಅಳು ಕೇಳುತ್ತಾರೆ ಎಂದಾಗ ತಿಳಿಯಿತು. ಹೂಂ ಎನ್ನುವ ದನಿಯ ವಿಷಯಕ್ಕೆ ಬಂದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಶೇಂಗಾ ಒಡೆಯುವ ಕೈಯೂ ನಿಲ್ಲಲಿಲ್ಲ.

"ಕತಿ ಹೇಳೋವಾಗ ಯಾರರ ಹೂಂ ಅನ್ನಬೇಕೋ ಬ್ಯಾಡೋ? ಅಳಾದೂ ಹಂಗ. ನಾ ಕೇಳ್ತೀನಿ, ಕೇಳಿ ಸುಮ್ಕಾಗ್ತೀನಿ. ಆ ಸುಮ್ಕ ಇರಾದು ನಂದಲ್ಲ, ಅವರದು. ನಡುವ ನಾ ಬಾಯಿ ಹಾಕಂಗಿಲ್ಲ."

"ನಿನಗೂ ಕೇಳಿಸ್ತೈತೇನು ಅಜ್ಜಿ?"

"ಕೇಳದಿದ್ರ ಮುಂದಿನ ಮಾತು ಹೆಂಗ ಆಡ್ಲಿ?"

"ನನಗ್ಯಾಕ ಕೇಳಂಗಿಲ್ಲ?"

ಆಗ ಅವಳು ತಲೆ ಎತ್ತಿ ನನ್ನ ಮುಖವನ್ನು ನೋಡಿದಳು. "ನಿಮ್ಮಪ್ಪ ಅವ್ವ ಅದಾರೇನು?"

"ಅದಾರ. ಹರಪನಹಳ್ಳ್ಯಾಗ."

"ಅಣ್ಣತಮ್ಮರು? ಅಕ್ಕತಂಗೇರು?"

"ಎಲ್ಲಾರೂ ಅದಾರ. ಅಜ್ಜ ಅಜ್ಜೇರ್ನ ನಾ ಕಂಡಿಲ್ಲ."

"ಹಂಗಂದ್ರ ನಿನ್ನವರು ಇನ್ನಾ ಯಾರೂ ಹೋಗಿಲ್ಲವ್ವ. ಹೂಂ ಅನ್ನಾಕ ಆ ಕಡಿಗೆ ನಿನಗ ಯಾರದಾರ?" ಎಂದು ನಕ್ಕಳು. ಒಂದು ಹಿಡಿ ಶೇಂಗಾ ಕಾಳು ನನ್ನ ಕೈಗೆ ಹಾಕಿದಳು. ಮುಂಗಾರು ಮಳೆಯ ಮುಂಚಿನ ಸುಡುಬಿಸಿಲು. ಕಟ್ಟೆಯ ಮೇಲೆ ಕೂತು ಕಾಳು ತಿಂದೆ, ಸಿಹಿಯಾಗಿದ್ದವು.

ಸಿ.ಡಿ.ಗೆ ಬೇಕಾದಷ್ಟು ಕೂಡಿದ ಮೇಲೆ ಒಳ್ಳೆಯ ರೆಕಾರ್ಡರ್ ತರಿಸಿಕೊಂಡೆ. ಕೂಡ್ಲಿಗಿ, ಹಡಗಲಿ ಕಡೆಯ ಕೆಲವು ಹೆಂಗಸರ ಅಳು ಹಿಡಿದೆ. ಅಜ್ಜಿಯ ಹತ್ತಿರ ಮಾತ್ರ ಬಹಳ ಸಲ ಹೋದೆ. ಸಾವಿಲ್ಲದೆ ಅಳು ಎಂದರೆ ಹೇಗೆ ಅಳುತ್ತಾಳೆ ಎಂಬ ಅನುಮಾನವಿತ್ತು. ಅವಳೇ ಬಗೆಹರಿಸಿದಳು. "ಸುಳ್ಳು ಸಾವಿಗೆ ಅಳಬಾರದು. ಹಳೇ ಸಾವಿಗೆ ಅಳಬೌದು." ತನ್ನ ಗಂಡನಿಗೆ ಅತ್ತಳು. ಬಾವಿಗೆ ಬಿದ್ದ ಗೆಳತಿಯೊಬ್ಬಳಿಗೆ ಅತ್ತಳು. ಅಕ್ಕಪಕ್ಕದ ಹೆಂಗಸರು ಬಂದು "ನಮ್ಮತ್ತಿಗೂ ಒಂದೀಟು ಅಳಬೇ" ಎಂದು ಕೇಳಿದರೆ ಅವರಿಗೂ ಅಳುತ್ತಿದ್ದಳು. ಎಲ್ಲವೂ ಹಗಲಲ್ಲೇ, ಕಟ್ಟೆಯ ಮೇಲೇ. ಅತ್ತು ಮುಗಿದ ಮೇಲೆ ಮುಖ ತೊಳೆದು ಚಹಾಕ್ಕೆ ಇಡುತ್ತಿದ್ದಳು. ಆಗೆಲ್ಲ ಬ್ಲಾಗಿನ ಮಂದಿಯ ಸುದ್ದಿ ಕೇಳುವಳು. ಮಸ್ಕತ್ ಎಷ್ಟು ದೂರ? ಆ ಡ್ರೈವರ್ ಲಾರಿ ಓಡಿಸುವಾಗಲೂ ಕೇಳ್ತಾನೇನು? ಹಂಗ ಕೇಳಬಾರದು ಅಂತ ಹೇಳು, ಕಣ್ಣಾಗ ನೀರು ಬಂದ್ರ ದಾರಿ ಕಾಣಂಗಿಲ್ಲ. ನಾನು ಹಾಗೇ ಬರೆದೆ. ಅವನು "ಅಜ್ಜಿ ಮಾತು ಮೀರಂಗಿಲ್ಲ" ಎಂದು ಉತ್ತರ ಕೊಟ್ಟಿದ್ದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಮಧ್ಯಾಹ್ನ, ಸೈಬರಿನಲ್ಲಿ ಕೂತು ಪುಸ್ತಕಕ್ಕಾಗಿ ಆ ಮೊದಲ ತುಣುಕಿನ ಸಾಲುಗಳನ್ನು ಬರೆದುಕೊಳ್ಳುತ್ತಿದ್ದೆ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಬರೆಯುವುದು. ನೂರಾರು ಸಲ ಕೇಳಿದ್ದ ತುಣುಕು, ಎಲ್ಲಿ ನೊಣ ಬರುತ್ತದೆ ಎಲ್ಲಿ ಕೊಡ ಇಳಿಯುತ್ತದೆ ಎಂದು ಬಾಯಿಪಾಠವಾಗಿತ್ತು. "ಹಾಲು ಇನ್ನಾ ಒಲಿಮ್ಯಾಲ ಐತಲ್ಲ" ಎಂದು ಅಜ್ಜಿ ಕೇಳಿದಳು. ಸುಮ್ಮನಾದಳು.

"ಹೂಂ" ಅಂತು.

ಕಿವಿಯ ಹತ್ತಿರವೇ. ಹೆಣ್ಣು ದನಿ. ಅವಸರವಿಲ್ಲದೆ, ಕೆಲಸ ಮಾಡುತ್ತಲೇ ಅಂದ ಹಾಗೆ.

ಇಯರ್‌ಫೋನ್ ಕಿತ್ತು ಎದ್ದುನಿಂತೆ. ಪಕ್ಕದ ಗೂಡಿನಲ್ಲಿ ಯಾರೂ ಇರಲಿಲ್ಲ. ಮೊದಲು ನೆನಪಿಗೆ ಬಂದದ್ದು ನಮ್ಮವ್ವ. ಅಲ್ಲಿಂದಲೇ ಹರಪನಹಳ್ಳಿಗೆ ಫೋನ್ ಮಾಡಿದೆ. ಅವ್ವನೇ ಎತ್ತಿಕೊಂಡಳು. "ಯಾಕೆ ಹಿಂಗ್ ಏದುಸಿರು ಬಿಡ್ತೀಯ? ಅಪ್ಪ ಇಲ್ಲೇ ಅದಾರೆ, ಮಲ್ಗ್ಯಾರೆ." ಎಬ್ಬಿಸು ಎಂದೆ. ಅಪ್ಪನ ಒರಟು ದನಿ ಕೇಳಿದ ಮೇಲೆ ಇಟ್ಟೆ. ದಾವಣಗೆರೆಯ ಅಕ್ಕನಿಗೆ ಮಾಡಿದೆ, ತಮ್ಮನಿಗೆ ಮಾಡಿದೆ, ಅಂಗಡಿಯಲ್ಲಿದ್ದ ಗಂಡನಿಗೆ ಮಾಡಿದೆ, ಅತ್ತೆಗೆ ಮಾಡಿದೆ. ಎಲ್ಲರೂ ಇದ್ದರು. ಎಲ್ಲರೂ ನನಗೇ ಏನಾಯಿತು ಎಂದು ಕೇಳಿದರು. ಸೈಬರಿನವನು ಒಂದು ಲೋಟ ನೀರು ತಂದುಕೊಟ್ಟು, ಕಂಪ್ಯೂಟರಿನ ಕಡೆ ಒಮ್ಮೆ ನೋಡಿ, "ನಿಮಗೂ ಕೇಳಿಸ್ತೇನ್ರಿ?" ಎಂದ. ನಾನು ನೀರು ಕುಡಿದು ಲೋಟ ವಾಪಸ್ ಕೊಟ್ಟೆ. ಮನೆಗೆ ಹೋಗಿ ಸಂಜೆಯವರೆಗೂ ಫೋನಿನ ಪಕ್ಕದಲ್ಲಿ ಕೂತೆ. ಅದು ಬಡಿದುಕೊಳ್ಳಲಿಲ್ಲ. ರಾತ್ರಿ ಗಂಡನ ಮುಂದೆ ಎಲ್ಲ ಹೇಳಿ, ಭ್ರಮೆಯೇ ಇರಬೇಕು ಎಂದು ನಾನೇ ನಗಾಡಿದೆ.

ಬೆಳಿಗ್ಗೆ ಫೋನ್ ಬಂತು. ಅಜ್ಜಿಯ ಮನೆಯ ಎದುರಿಗೆ ಕಿರಾಣಿ ಅಂಗಡಿ ಇಟ್ಟಿದ್ದವರು. "ಅಜ್ಜಿ ಹೋಗ್ಬಿಟ್ಳು ನೋಡ್ರಿ ಮೇಡಂ. ನಿನ್ನಿ ಮಧ್ಯಾಹ್ನ ಒಲಿ ಮುಂದ ಕುಂತಾಕಿ ಹಂಗ ವಾಲಿದ್ಳಂತ. ಆಕಿ ತಮ್ಮನ ಮಗ ಬಳ್ಳಾರಿಯಿಂದ ಬರಬೇಕು, ಇವತ್ತು ಮಧ್ಯಾಹ್ನ ಮಣ್ಣು."

ಅಷ್ಟು ಮಂದಿಗೆ ಫೋನ್ ಮಾಡಿದವಳಿಗೆ, ಅಜ್ಜಿಯ ಊರಿಗೆ ಮಾಡಬೇಕೆಂದು ಹೊಳೆದಿರಲೇ ಇಲ್ಲ. ಅವಳನ್ನು ನನ್ನವಳೆಂದು ನಾನು ಎಣಿಸಿಕೊಂಡಿರಲಿಲ್ಲ. ಅವಳು ಎಣಿಸಿಕೊಂಡಿದ್ದಳೋ ಏನೋ.

ಸೈಬರಿನವನಿಗೆ ಸುದ್ದಿ ಹೇಳಿದ್ದಷ್ಟೇ ನನ್ನ ಕೆಲಸ. ಅವನು ಅದನ್ನು ಬ್ಲಾಗಿನಲ್ಲಿ ಹಾಕಿ, ನಂಬರು ಕೊಟ್ಟಿದ್ದವರಿಗೆಲ್ಲ ಮೆಸೇಜು ಬಿಟ್ಟು, ಅಂಗಡಿಗೆ ಬೀಗ ಜಡಿದು, ತನ್ನ ಬೈಕಿನಲ್ಲಿ ನಮ್ಮ ಹಿಂದೆಯೇ ಬಂದ. ನಾನೂ ನನ್ನ ಗಂಡನೂ ತಲುಪಿದಾಗ ಅಜ್ಜಿಯನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಊರಿನ ಹೆಂಗಸರು ಸುತ್ತಲೂ ಕೂತಿದ್ದರು, ಸೆರಗು ಬಾಯಿಗೆ ಹಚ್ಚಿ ಬಿಕ್ಕುತ್ತಿದ್ದರು. ಆದರೆ ದನಿ ತೆಗೆಯುವವರು ಯಾರೂ ಇರಲಿಲ್ಲ. ಊರಿನ ಸಾವಿಗೆಲ್ಲ ಅವಳೇ ಅತ್ತವಳು, ಬೇರೆಯವರಿಗೆ ಬರುತ್ತಿರಲಿಲ್ಲ. ಹಾಗೆ ಸದ್ದಿಲ್ಲದ ಸಾವಿನ ಮನೆಯನ್ನು ನಾನು ಅದೇ ಮೊದಲು ನೋಡಿದ್ದು. ನಾಯಿಗಳೂ ಒಂದು ಕಡೆ ಮುದುರಿ ಮಲಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಬರತೊಡಗಿದರು. ಅರಸೀಕೆರೆಯ ಟೇಲರ್ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದ, ತೆಗೆಯುವುದು ಮರೆತಿದ್ದ. ಹೊಸಪೇಟೆಗೆ ಲೋಡು ತಂದಿದ್ದ ಡ್ರೈವರ್ ಲಾರಿಯನ್ನು ಊರ ಹೊರಗೆ ನಿಲ್ಲಿಸಿ ನಡೆದು ಬಂದ. ಕೂಡ್ಲಿಗಿಯಿಂದ ಇಬ್ಬರು, ಹಗರಿಬೊಮ್ಮನಹಳ್ಳಿಯಿಂದ ಒಂದು ಕುಟುಂಬವೇ. ನರ್ಸ್ ಮಸ್ಕತ್ತಿನಲ್ಲಿದ್ದಳು. ಅವಳ ತಾಯಿ ಹಡಗಲಿಯಿಂದ ಒಂದು ಬುಟ್ಟಿ ಮಲ್ಲಿಗೆ ಕಟ್ಟಿಸಿಕೊಂಡು ಬಸ್ಸಿನಲ್ಲಿ ಬಂದರು. ಯಾರೂ ಯಾರನ್ನೂ ಅದುವರೆಗೆ ನೋಡಿರಲಿಲ್ಲ. ಊರವರು ದಾರಿ ಬಿಟ್ಟು ನಿಂತು ಪಿಸುಗುಟ್ಟಿದರು. ಒಬ್ಬ ಹಿರಿಯರು ಸೈಬರಿನವನನ್ನು ತಡೆದು ಕೇಳಿದರು:

"ಇವರೆಲ್ಲಾ ಯಾರ ಪೈಕಿ ತಮ್ಮಾ?"

"ಅಜ್ಜಿ ಪೈಕಿ ರೀ" ಎಂದ ಅವನು. ಬೇರೆ ಹೇಗೆ ಹೇಳಬೇಕೋ ಅವನಿಗೂ ತಿಳಿದಿರಲಿಕ್ಕಿಲ್ಲ.

ನರ್ಸಿನ ತಾಯಿ ಹೂವನ್ನು ಅಜ್ಜಿಯ ಕೊರಳಿಗೆ ಹಾಕಿ ಪಕ್ಕದಲ್ಲಿ ಕೂತರು. ಮಗಳು ಹೇಳಿ ಮೊಬೈಲಿಗೆ ಹಾಕಿಸಿಕೊಟ್ಟಿದ್ದ ಆ ಅಳುವನ್ನು ಬಹಳ ಸಲ ಕೇಳಿದ್ದರಂತೆ. ಸೆರಗಿನ ತುದಿಯಿಂದ ಅಜ್ಜಿಯ ಹಣೆ ಒರೆಸಿ ಮೆಲ್ಲಗೆ ದನಿ ತೆಗೆದರು. "ಎಲ್ಲಾರಿಗೂ ಅತ್ತ್ಯಲ್ಲವ್ವಾ, ನಿನಗ ಅಳಾಕ ಯಾರನ್ನ ಬಿಟ್ಟು ಹೊಂಟಿ?" ಎಂದು ಕೇಳಿದರು. ಕೇಳಿ, ಸುಮ್ಮನಾದರು.

ಆ ಸುಮ್ಮನಿರುವಿಕೆಯನ್ನು ಇವತ್ತಿಗೂ ಮರೆಯಲಾರೆ. ಊರಿನ ಹೆಂಗಸರು ಬಿಕ್ಕುತ್ತಲೇ ಇದ್ದರು. ಬ್ಲಾಗಿನಿಂದ ಬಂದವರು ಮಾತ್ರ, ಅಲ್ಲೊಬ್ಬರು ಇಲ್ಲೊಬ್ಬರು ಚದುರಿ ನಿಂತಿದ್ದವರು, ಒಟ್ಟಿಗೆ ಉಸಿರು ಹಿಡಿದರು. ಒಟ್ಟಿಗೆ ತಲೆಯನ್ನು ಒಂದಿಷ್ಟು ವಾರೆ ಮಾಡಿದರು. ಅಜ್ಜಿ ಹಾಗೆ ಕಿವಿ ಕೊಡುತ್ತಿದ್ದುದನ್ನು ಅವರಲ್ಲಿ ಯಾರೂ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ದನಿಯೊಂದೇ. ನನ್ನ ಗಂಡ ನನ್ನ ತೋಳು ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನರ್ಸಿನ ತಾಯಿ ತಲೆ ಆಡಿಸಿ ಮುಂದಿನ ಸಾಲಿಗೆ ಹೋದರು. ಆಗ ಟೇಲರ್ ಅಳತೊಡಗಿದ, ಡ್ರೈವರ್ ಅಳತೊಡಗಿದ, ಆಮೇಲೆ ಊರಿಗೆ ಊರೇ ದನಿ ತೆಗೆಯಿತು. ನಾನೂ ಅತ್ತೆ. ಅವಳು ನನ್ನ ಕೈಗೆ ಹಾಕಿದ ಶೇಂಗಾ ಕಾಳಿನ ಮಾತು ತೆಗೆದು ಅತ್ತೆನಂತೆ. ನನಗೆ ನೆನಪಿಲ್ಲ, ಗಂಡ ಹೇಳಿದ್ದು.

ಮಣ್ಣು ಮಾಡಿ ಬಂದ ಮೇಲೆ ಕಿರಾಣಿ ಅಂಗಡಿಯವರು ಎಲ್ಲರಿಗೂ ಮಂಡಕ್ಕಿ, ಚಹಾ ಕೊಟ್ಟರು. ಬಂದವರು ಬೇಲಿಯ ನೆರಳಲ್ಲಿ ಸಾಲಾಗಿ ಕೂತು ತಿಂದರು, ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಮೇಷ್ಟ್ರು ಬರಲಾಗಲಿಲ್ಲವೆಂದು ಯಾರದೋ ಫೋನಿಗೆ ಮಾಡಿ, ಎಲ್ಲರ ದನಿಯನ್ನೂ ಒಂದೊಂದು ಮಾತು ಕೇಳಿಕೊಂಡರು. ಕತ್ತಲಾಗುವ ಮುಂಚೆ ಎಲ್ಲರೂ ಅವರವರ ಊರಿಗೆ ಹೊರಟರು.

ಸಿ.ಡಿ. ಮುಂದಿನ ಬೇಸಿಗೆಗೆ ಬಂತು. ಕೊಟ್ಟವರಿಗೆಲ್ಲ ಕಳಿಸಿದೆವು. ಕೆಲವರು ದಿನಾ ಕೇಳುತ್ತೇವೆ ಎಂದು ಬರೆದರು. ಟೇಲರ್ ಮಾತ್ರ ತಾನು ಅದನ್ನು ಬಿಚ್ಚಿಲ್ಲ, ಗಾಡ್ರೇಜ್ ಬೀರುವಿನಲ್ಲಿ ಇಟ್ಟಿದ್ದೇನೆ, ಇರಲಿ ಎಂದ. ಸೈಬರಿನವನು ಎರಡು ವರ್ಷದ ಮೇಲೆ ಅಂಗಡಿ ಮುಚ್ಚಿ ಜೆರಾಕ್ಸ್ ಇಟ್ಟ. ಬ್ಲಾಗು ನಡೆಸುವವರಿಲ್ಲದೆ ಹಾಗೇ ನಿಂತಿತು.

ಸಿ.ಡಿ. ಬಂದ ವರ್ಷವೇ ನರ್ಸ್ ರಜೆಯ ಮೇಲೆ ಊರಿಗೆ ಬಂದವಳು ನಮ್ಮ ಮನೆಗೂ ಬಂದಳು. ಎತ್ತರದ, ಕಡಿಮೆ ಮಾತಿನ ಹುಡುಗಿ. ಊಟವಾದ ಮೇಲೆ "ಅಕ್ಕ, ಒಂದು ಸಲ ನಿಮ್ಮ ಜೊತಿ ಕುಂತು ಕೇಳ್ಲೇನು?" ಎಂದಳು. ಸಿ.ಡಿ. ಹಾಕಿದೆ. ಅಜ್ಜಿಯ ದನಿ ಬಂತು. ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ದನಿ ನಿಂತಲ್ಲೆಲ್ಲ ಅವಳು ಕಣ್ಣು ಬಿಟ್ಟು, ಎದುರಿನ ಖಾಲಿ ಕುರ್ಚಿಯ ಕಡೆ ನೋಡಿ, ಬಲ್ಲವರ ಮಾತಿಗೆ ತಲೆದೂಗುವ ಹಾಗೆ ಮೆಲ್ಲಗೆ ತಲೆದೂಗುತ್ತಿದ್ದಳು. ಒಮ್ಮೆ ನಕ್ಕಳು ಕೂಡ. ನಾನು ಬೀದಿಯ ಕಡೆ ನೋಡುತ್ತ ಕೂತೆ. ನನಗೇನು ಕೇಳಿಸಿತೆಂದು ಅವಳು ಕೇಳಲಿಲ್ಲ, ಅವಳಿಗೆ ಯಾರು ಹೂಂ ಅಂದರೆಂದು ನಾನೂ ಕೇಳಲಿಲ್ಲ. ಮುಗಿದ ಮೇಲೆ ಅವಳು ಎದ್ದು ಆ ಖಾಲಿ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿಟ್ಟಳು. ನಾನು ಅವಳನ್ನು ಹಡಗಲಿ ಬಸ್ಸಿಗೆ ಹತ್ತಿಸಲು ಚಪ್ಪಲಿ ಮೆಟ್ಟಿಕೊಂಡೆ.